ಗೋಡೆಯ ಕ್ಯಾಲೆಂಡರಿನಲ್ಲೇ ಕ್ಯಾಲೋರಿ ಲೆಕ್ಕ: ರೊಟ್ಟಿ ಉಣ್ಣುವ ಮನೆಗೆ ಒಂದು ಸುಲಭ ದಾರಿ

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಹಾಲು ಎಷ್ಟು ಬಂತು, ಸಿಲಿಂಡರ್ ಯಾವತ್ತು ಹಚ್ಚಿದ್ದು, ಯಾರ ಮದುವೆ ಯಾವ ತಾರೀಖು, ಎಲ್ಲ ಅದರ ಮೇಲೆಯೇ. ಈಗ ಐದು ತಿಂಗಳಿಂದ ಪ್ರತಿ ತಾರೀಖಿನ ಚೌಕದಲ್ಲಿ ಪೆನ್ಸಿಲ್ಲಿನ ಸಣ್ಣ ಸಣ್ಣ ಗೆರೆಗಳೂ ಇವೆ. ಒಂದು ಗೆರೆ ಅಂದರೆ 50 ಕ್ಯಾಲೋರಿ. ನಾನು ಆ ದಿನ ತಿಂದದ್ದಷ್ಟೂ ಅಲ್ಲಿದೆ. 72 ಕೆಜಿ ಇದ್ದವಳು ಈಗ 65.5ಕ್ಕೆ ಬಂದಿದ್ದೇನೆ.

ಇದಕ್ಕೂ ಮೊದಲು ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು ನೋಡಿದ್ದೆ. ಒಂಬತ್ತು ದಿನ ನಡೆಯಿತು. ರೊಟ್ಟಿ ಅಂತ ಹುಡುಕಿದರೆ ಗೋಧಿ ಫುಲ್ಕಾ ಬರುತ್ತಿತ್ತು. ಪುಂಡಿ ಪಲ್ಯ ಸಿಗಲೇ ಇಲ್ಲ. ಜುಣಕ ಅಂತ ಹಾಕಿದರೆ ಮೂರು ಕಡೆ ಮೂರು ಅಂಕಿ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ಫೋನ್ ಒತ್ತುತ್ತಾ ಕೂರುವುದು ಯಾರಿಗೆ ಸಾಧ್ಯ? ಆ್ಯಪ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹೆಲ್ತಿಫೈಮಿಯಂಥ ಆ್ಯಪ್‌ಗಳಲ್ಲಿ ನಮ್ಮ ದೇಶದ ಅಡುಗೆಗಳು ಸಾಕಷ್ಟಿವೆ. ಆದರೆ ಅಲ್ಲಿರುವುದು ಯಾರದೋ ಮನೆಯ ರೊಟ್ಟಿ, ಯಾರದೋ ಕೈಯ ಎಣ್ಣೆ. ನಮಗೆ ಬೇಕಾದದ್ದು ನಮ್ಮ ಮನೆಯ ಲೆಕ್ಕ. ಅದನ್ನು ಒಂದು ಸಲ ಸರಿಯಾಗಿ ಮಾಡಿಟ್ಟುಕೊಂಡರೆ ದಿನಾ ಎರಡು ನಿಮಿಷದ ಕೆಲಸ.

ಮೊದಲು, ದಿನಕ್ಕೆ ಎಷ್ಟು ಗೆರೆ?

ಇದಕ್ಕೆ ಒಂದು ಸೂತ್ರ ಇದೆ. ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಅಂತ ಹೆಸರು. ತೂಕವನ್ನು (ಕೆಜಿ) 10ರಿಂದ ಗುಣಿಸಿ. ಎತ್ತರವನ್ನು (ಸೆಂಟಿಮೀಟರ್) 6.25ರಿಂದ ಗುಣಿಸಿ. ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ ಐದು ಪಟ್ಟು ಕಳೆಯಿರಿ. ಕೊನೆಗೆ ಹೆಂಗಸರಾದರೆ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ. ಬಂದ ಅಂಕಿ ಅಂದರೆ ಸುಮ್ನೆ ಮಲಗಿದ್ದರೂ ದೇಹ ಖರ್ಚು ಮಾಡುವ ಕ್ಯಾಲೋರಿ. ಇಡೀ ದಿನ ಕುರ್ಚಿಯ ಕೆಲಸವಾದರೆ ಅದನ್ನು 1.2ರಿಂದ ಗುಣಿಸಿ. ಮನೆಗೆಲಸ, ಸ್ವಲ್ಪ ನಡಿಗೆ ಇದ್ದರೆ 1.375ರಿಂದ.

ನನ್ನದೇ ಲೆಕ್ಕ ಹೇಳುತ್ತೇನೆ. 72 ಕೆಜಿ, 157 ಸೆಂ.ಮೀ., 38 ವರ್ಷ. 720 ಮತ್ತು 981 ಕೂಡಿಸಿ, 190 ಕಳೆದು, 161 ಕಳೆದರೆ 1350. ಅದನ್ನು 1.375ರಿಂದ ಗುಣಿಸಿದರೆ ಸುಮಾರು 1850. ಇಷ್ಟು ತಿಂದರೆ ತೂಕ ಇದ್ದಲ್ಲೇ ಇರುತ್ತದೆ. ಇಳಿಯಬೇಕಾದರೆ ದಿನಕ್ಕೆ 400ರಿಂದ 500 ಕಡಿಮೆ ತಿನ್ನಬೇಕು. ನಾನು 400 ಇಳಿಸಿದೆ. 1450 ಉಳಿಯಿತು. ಅಂದರೆ 29 ಗೆರೆ.

ಇನ್ನೂ ಜಾಸ್ತಿ ಇಳಿಸಿದರೆ ಬೇಗ ತೆಳ್ಳಗಾಗಬಹುದಲ್ವಾ ಅಂತ ಅನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೋರಿ ಖರ್ಚಾಗಬೇಕು. ದಿನಕ್ಕೆ 400 ಉಳಿಸಿದರೆ ವಾರಕ್ಕೆ 350 ಗ್ರಾಂ ಆಸುಪಾಸು ಇಳಿಯುತ್ತದೆ. ಇದು ನಿಧಾನ, ಆದರೆ ನಿಲ್ಲುವ ಇಳಿಕೆ. ವೈದ್ಯರ ಸಲಹೆ ಇಲ್ಲದೆ ಹೆಂಗಸರು 1200ರ ಕೆಳಗೆ, ಗಂಡಸರು 1500ರ ಕೆಳಗೆ ಇಳಿಯಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಊಟ ಕಡಿಮೆಯಾಗಿ ಔಷಧಿ ಅಷ್ಟೇ ಇದ್ದರೆ ಸಕ್ಕರೆ ದಿಢೀರನೆ ಇಳಿದು ತಲೆ ಸುತ್ತಿ ಬೀಳುವ ಅಪಾಯ ಇದೆ. ಬಸುರಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಲೆಕ್ಕಕ್ಕೆ ಬರುವುದೇ ಬೇಡ. ಹಿಂದೆ ಊಟ ಬಿಟ್ಟು ಬಿಟ್ಟು ಆರೋಗ್ಯ ಕೆಡಿಸಿಕೊಂಡವರಿಗೂ ಎಣಿಸುವ ದಾರಿ ಒಳ್ಳೆಯದಲ್ಲ.

ಒಂದು ಭಾನುವಾರ, ಒಂದು ತಕ್ಕಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ನಾಲ್ಕೈದು ನೂರು ರೂಪಾಯಿಗೆ ಸಿಗುತ್ತದೆ. ನಾನು ದುರ್ಗದಬೈಲಿನ ಒಂದು ಪಾತ್ರೆ ಅಂಗಡಿಯಲ್ಲಿ ತಂದೆ. ಒಂದು ಗ್ರಾಂವರೆಗೂ ತೋರಿಸುವಂಥದ್ದು ಇರಲಿ. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡುವ ಗುಂಡಿ ಇದೆಯಾ ನೋಡಿಕೊಳ್ಳಿ. ಇಷ್ಟೇ ಖರ್ಚು.

ಮೊದಲು ಹಿಡಿದದ್ದು ರೊಟ್ಟಿಯನ್ನೇ. ನಮ್ಮಲ್ಲಿ ರೊಟ್ಟಿ ಬಡಿಯುವುದು ಅತ್ತೆ. ನಾನು ಪರಾತದ ಪಕ್ಕ ತಕ್ಕಡಿ ತಂದಿಟ್ಟಾಗ ಅವರು, "ಯಾಕ ತೂಗತಿಯವಾ? ನನ್ನ ಕೈ ಅಳತಿ ತಪ್ಪೂದಿಲ್ಲ" ಅಂದರು. ತಪ್ಪಲಿಲ್ಲ. ಕುದಿನೀರು ಹಾಕಿ ನಾದಿದ ಹಿಟ್ಟಿನಿಂದ ಅವರು ಒಂದೊಂದೇ ಉಂಡೆ ಮುರಿದು ಕೊಟ್ಟರು, ನಾನು ತೂಗಿದೆ. 99 ಗ್ರಾಂ, 102, 101, 103, 100. ನಲವತ್ತು ವರ್ಷದ ಕೈ ಅದು. ಈ ಇಡೀ ಪದ್ಧತಿ ನಿಂತಿರುವುದೇ ಆ ಕೈಯ ಮೇಲೆ. ದಿನಾ ಅಡುಗೆ ಮಾಡುವವರ ಕೈಗೆ ಅಳತೆ ಮೊದಲೇ ಇದೆ. ಅದರ ಬೆಲೆ ಎಷ್ಟು ಅಂತ ಒಂದು ಸಲ ತಿಳಿದುಕೊಂಡರೆ ಸಾಕು, ದಿನಾ ತೂಗಬೇಕಿಲ್ಲ.

ಆದರೆ ಉಂಡೆಯ ತೂಕದಲ್ಲಿ ಅರ್ಧ ನೀರು. ನೀರಿಗೆ ಕ್ಯಾಲೋರಿ ಇಲ್ಲ. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಒಣ ಹಿಟ್ಟಿನದು. ಆ ದಿನ ಮೇಲ್ಹಿಟ್ಟೂ ಸೇರಿ 520 ಗ್ರಾಂ ಹಿಟ್ಟು ಹಿಡಿಯಿತು, ಹತ್ತು ರೊಟ್ಟಿ ಆದವು. ಒಂದಕ್ಕೆ 52 ಗ್ರಾಂ. ಜೋಳದ ಹಿಟ್ಟು 100 ಗ್ರಾಂಗೆ ಸುಮಾರು 340 ಕ್ಯಾಲೋರಿ. ಅಲ್ಲಿಗೆ ಒಂದು ರೊಟ್ಟಿಗೆ 175ರ ಸುಮಾರು, ಅಂದರೆ ಮೂರೂವರೆ ಗೆರೆ. ಅರ್ಧ ಗೆರೆಗೆ ನಾನು ಗಿಡ್ಡ ಗೆರೆ ಎಳೆಯುತ್ತೇನೆ.

ಇಲ್ಲಿ ಎರಡು ಮಾತು ಹೇಳಲೇಬೇಕು. ಖಡಕ್ ರೊಟ್ಟಿ ಕೈಗೆ ಹಗುರ ಅಂತ ಎರಡು ಜಾಸ್ತಿ ಮುರಿದುಕೊಳ್ಳುತ್ತೇವೆ. ಹಗುರಾಗಿರುವುದು ನೀರು ಹೋಗಿರುವುದರಿಂದ. ಹಿಟ್ಟು ಎಷ್ಟಿತ್ತೋ ಅಷ್ಟೇ ಇದೆ, ಕ್ಯಾಲೋರಿಯೂ ಅಷ್ಟೇ. ಇನ್ನೊಂದು, ಜೋಳ ತಿಂದರೆ ದಪ್ಪ ಆಗಲ್ಲ, ನವಣೆ ತಿಂದರೆ ತೂಕ ಇಳಿಯುತ್ತದೆ ಅನ್ನುವ ನಂಬಿಕೆ. ಜೋಳ, ನವಣೆ, ಗೋಧಿ, ಅಕ್ಕಿ ಎಲ್ಲವೂ ಒಣಗಿದ್ದಾಗ 100 ಗ್ರಾಂಗೆ 320ರಿಂದ 360ರ ಒಳಗೇ ಇರುತ್ತವೆ. ಅಕ್ಕಿಗಿಂತ ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಅದು ನಿಜವಾದ ಲಾಭ. ಆದರೆ ನಾಲ್ಕು ರೊಟ್ಟಿ ನಾಲ್ಕು ರೊಟ್ಟಿಯೇ.

ಅನ್ನವನ್ನು ಬೇಯಿಸಿದ ಮೇಲೆ ತೂಗಬಹುದು. 100 ಗ್ರಾಂ ಅನ್ನಕ್ಕೆ 130 ಕ್ಯಾಲೋರಿ. ನಿಮ್ಮ ಮನೆಯ ವಾಟಿಯಲ್ಲಿ ನೀವು ದಿನಾ ಬಡಿಸಿಕೊಳ್ಳುವಷ್ಟನ್ನೇ ಹಾಕಿ ತೂಗಿ. ನಮ್ಮದು 150 ಗ್ರಾಂ ಹಿಡಿಯಿತು, ನಾಲ್ಕು ಗೆರೆ. ವಾಟಿಯ ಗಾತ್ರ ಮನೆಯಿಂದ ಮನೆಗೆ ಬೇರೆ. ಅದಕ್ಕೇ ನನ್ನ ಅಂಕಿಯನ್ನು ಹಾಗೇ ನಕಲು ಮಾಡಬೇಡಿ.

ಪಲ್ಯಗಳದ್ದು ಸ್ವಲ್ಪ ದೊಡ್ಡ ಕೆಲಸ, ಆದರೆ ಕಣ್ಣು ತೆರೆಸುವ ಕೆಲಸ. ಒಗ್ಗರಣೆ ಹಾಕುವ ಮೊದಲು ಎಲ್ಲ ಸಾಮಾನನ್ನೂ ಹಸಿಯಾಗಿಯೇ ತೂಗಿ ಬರೆದುಕೊಳ್ಳಿ. ನಮ್ಮ ಮುಳಗಾಯಿ ಎಣ್ಣೆಗಾಯಿ ಹೀಗಿತ್ತು. ಅರ್ಧ ಕೆಜಿ ಮುಳಗಾಯಿ, 125 ಕ್ಯಾಲೋರಿ. ಶೇಂಗಾ 60 ಗ್ರಾಂ, 330. ಗುರೆಳ್ಳು 20 ಗ್ರಾಂ, 100. ಉಳ್ಳಾಗಡ್ಡಿ 45, ಬೆಲ್ಲ 40. ಎಣ್ಣೆ ನಾಲ್ಕು ದೊಡ್ಡ ಚಮಚ, 495. ಒಟ್ಟು 1135. ನಾಲ್ಕು ಜನ ಹಂಚಿಕೊಂಡರೆ ತಲೆಗೆ 285, ಆರು ಗೆರೆ ಅನ್ನಿ. ಗಮನಿಸಿ, ಅಷ್ಟು ದೊಡ್ಡ ಗುಡ್ಡೆ ಮುಳಗಾಯಿಯದು 125 ಮಾತ್ರ. ಎಣ್ಣೆಯೊಂದೇ ಅದರ ನಾಲ್ಕು ಪಟ್ಟು. ಮುಂದಿನ ವಾರ ಎಣ್ಣೆ ಎರಡು ಚಮಚಕ್ಕೆ ಇಳಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದೆವು. ತಲೆಗೆ ನಾಲ್ಕೂವರೆ ಗೆರೆಗೆ ಬಂತು. ಹೆಸರು ಎಣ್ಣೆಗಾಯಿ ಅಂತಲೇ ಉಳಿದಿದೆ, ಮನೆಯಲ್ಲಿ ಯಾರೂ ದೂರಿಲ್ಲ.

ಹೀಗೆ ಎರಡು ಮೂರು ಭಾನುವಾರ ಕೂತರೆ ನಿಮ್ಮ ಮನೆಯ ದರಪಟ್ಟಿ ತಯಾರು. ಇಪ್ಪತ್ತು ಸಾಮಾನು ಬರೆದರೆ ಬಹಳವಾಯಿತು. ನಾವು ವರ್ಷವಿಡೀ ತಿನ್ನುವುದು ತಿರುಗಾಮುರುಗಾ ಅವನ್ನೇ ಅಲ್ವಾ? ನನ್ನ ಪಟ್ಟಿಯ ಒಂದು ತುಂಡು:

ಜೋಳದ ರೊಟ್ಟಿ – 3½
ಚಪಾತಿ, ಒಂದು ಸಣ್ಣ ಚಮಚ ಎಣ್ಣೆ ಸೇರಿ – 3½
ಅನ್ನ, ಒಂದು ವಾಟಿ – 4
ಬೇಳೆ ಸಾರು, ಒಂದು ವಾಟಿ – 2
ಎಣ್ಣೆಗಾಯಿ, ಈಗಿನದು – 4½
ಮಡಕಿ ಕಾಳಿನ ಪಲ್ಯ, ಒಂದು ವಾಟಿ – 3
ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಚಮಚ – 1
ಉಪ್ಪಿಟ್ಟು, ಒಂದು ಪ್ಲೇಟ್ – 6½
ಮೊಸರು, ಒಂದು ವಾಟಿ – 2
ತೆಳು ಮಜ್ಜಿಗೆ, ಒಂದು ಲೋಟ – 1
ಚಹಾ, ಎರಡು ಚಮಚ ಸಕ್ಕರೆ – 1½
ಬೇಯಿಸಿದ ತತ್ತಿ – 1½
ಯಾಲಕ್ಕಿ ಬಾಳೆಹಣ್ಣು – 1

ಸೌತೆಕಾಯಿ, ಮೂಲಂಗಿ, ಗಜ್ಜರಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಹಸಿ ತಪ್ಪಲು, ಇವಕ್ಕೆ ನಾನು ಗೆರೆಯನ್ನೇ ಎಳೆಯುವುದಿಲ್ಲ. ಕ್ಯಾಲೋರಿ ಇದೆ, ಆದರೆ ತೀರಾ ಕಡಿಮೆ. ರೊಟ್ಟಿಯ ಜೊತೆ ಹಸಿ ತಪ್ಪಲು ತಿನ್ನುವುದು ನಮ್ಮ ಕಡೆಯ ರೂಢಿ. ಈಗಿನ ಮಕ್ಕಳು ಬಿಟ್ಟಿದ್ದಾರೆ. ಮತ್ತೆ ತಟ್ಟೆಗೆ ತನ್ನಿ. ಮೂರನೇ ರೊಟ್ಟಿಯ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ.

ಪ್ಯಾಕೆಟ್ಟಿನ ತಿನಿಸಿನ ಮೇಲೆ ಕ್ಯಾಲೋರಿ ಬರೆದಿರುತ್ತದೆ. ಅದು ಸಾಮಾನ್ಯವಾಗಿ 100 ಗ್ರಾಂಗೆ. ನೀವು ತಿಂದದ್ದು 40 ಗ್ರಾಮೋ ಇಡೀ ಪ್ಯಾಕೆಟ್ಟೋ ನೋಡಿಕೊಂಡು ಲೆಕ್ಕ ಹಾಕಿ.

ಎಣ್ಣೆಯನ್ನು ಚಮಚದಲ್ಲಲ್ಲ, ಡಬ್ಬಿಯಲ್ಲಿ ಎಣಿಸಿ

ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೋರಿ. ಹಿಟ್ಟಿಗೂ ಬೇಳೆಗೂ ಹೋಲಿಸಿದರೆ ಎರಡು ಪಟ್ಟಿಗಿಂತ ಜಾಸ್ತಿ. ಅದು ಶೇಂಗಾ ಎಣ್ಣೆಯೋ, ಕುಸುಬಿ ಎಣ್ಣೆಯೋ, ದುಬಾರಿ ಆಲಿವ್ ಎಣ್ಣೆಯೋ, ಈ ವಿಷಯದಲ್ಲಿ ಎಲ್ಲ ಒಂದೇ. ಲೆಕ್ಕದಲ್ಲಿ ಜಾಸ್ತಿ ತಪ್ಪುವುದೂ ಇಲ್ಲೇ. ಒಗ್ಗರಣೆಗೆ ಒಂದು ಚಮಚ ಅಂತ ನೆನಪು, ಬಾಣಲೆಗೆ ಬಿದ್ದದ್ದು ಎರಡು.

ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭದ್ದು. ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮುಗಿದ ದಿನ ಕ್ಯಾಲೆಂಡರ್ ನೋಡಿ. ನಮ್ಮ ನಾಲ್ಕು ಜನರ ಮನೆಗೆ ಐದು ಲೀಟರ್ ಡಬ್ಬಿ 30 ದಿನ ಬರುತ್ತಿತ್ತು. ಒಂದು ಲೀಟರ್ ಅಂದರೆ 910 ಗ್ರಾಂ. ಐದಕ್ಕೆ 4550 ಗ್ರಾಂ. ನಾಲ್ಕು ಜನ, 30 ದಿನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ 38 ಗ್ರಾಂ. ಕ್ಯಾಲೋರಿಯಲ್ಲಿ 340, ಎರಡು ರೊಟ್ಟಿಗೆ ಸಮ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೋರಿಯ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಇದೆ. ಈಗ ನಮ್ಮ ಡಬ್ಬಿ 45 ದಿನ ಬರುತ್ತದೆ, ತಲೆಗೆ 25 ಗ್ರಾಂ. ಎಣ್ಣೆ ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಸಣ್ಣ ಚಮಚ ಹಾಕಿಟ್ಟದ್ದೇ ಮುಖ್ಯ ಬದಲಾವಣೆ.

ಸಕ್ಕರೆ ಡಬ್ಬಿಗೂ ಹೀಗೇ ತಾರೀಖು ಬರೆಯಿರಿ. ದಿನಕ್ಕೆ ಐದು ಚಹಾ ಕುಡಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಐದು ಚಹಾ ಅಂದರೆ ಏಳೂವರೆ ಗೆರೆ, ಒಂದು ಪ್ಲೇಟ್ ಉಪ್ಪಿಟ್ಟಿಗಿಂತ ಜಾಸ್ತಿ. ಮೂರಕ್ಕೆ ಇಳಿಸಿ, ಸಕ್ಕರೆ ಒಂದು ಚಮಚ ಮಾಡಿದರೆ ಮೂರು ಗೆರೆಯಲ್ಲಿ ಮುಗಿಯುತ್ತದೆ.

ದಿನದ ಗೆರೆ

ತಿಂದ ಕೂಡಲೇ ಗೆರೆ ಎಳೆಯಿರಿ. ರಾತ್ರಿ ಒಟ್ಟಿಗೆ ಎಳೆಯೋಣ ಅಂದರೆ ನಾಲ್ಕು ಗಂಟೆಯ ಚಕ್ಕಲಿ ನೆನಪಿಗೇ ಬರುವುದಿಲ್ಲ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಹೀಗೆ ಕಟ್ಟು ಕಟ್ಟಿದರೆ ಎಣಿಸುವುದು ಸುಲಭ.

ನನ್ನ ಒಂದು ಸಾಮಾನ್ಯ ದಿನ ಹೀಗಿರುತ್ತದೆ. ಬೆಳಿಗ್ಗೆ ಚಹಾ, ಉಪ್ಪಿಟ್ಟು, ಹನ್ನೊಂದಕ್ಕೆ ಇನ್ನೊಂದು ಚಹಾ: ಒಂಬತ್ತೂವರೆ. ಮಧ್ಯಾಹ್ನ ಎರಡು ರೊಟ್ಟಿ, ಎಣ್ಣೆಗಾಯಿ, ಸೌತೆಕಾಯಿ, ಮಜ್ಜಿಗೆ: ಹನ್ನೆರಡೂವರೆ. ಸಂಜೆ ಚಹಾ: ಒಂದೂವರೆ. ರಾತ್ರಿ ಅನ್ನ, ಸಾರು: ಆರು. ಒಟ್ಟು ಇಪ್ಪತ್ತೊಂಬತ್ತೂವರೆ. ಅರ್ಧ ಗೆರೆ ಜಾಸ್ತಿ, ಪರವಾಗಿಲ್ಲ. ಹೀಗೆ ಬರೆದು ನೋಡಿದಾಗಲೇ ನನಗೆ ಗೊತ್ತಾದದ್ದು, ನನ್ನ ಊಟದಲ್ಲಿ ಕಾಳು-ಬೇಳೆ ಎಷ್ಟು ಕಡಿಮೆ ಅಂತ. ಈಗ ವಾರದಲ್ಲಿ ನಾಲ್ಕು ದಿನ ಉಪ್ಪಿಟ್ಟಿನ ಬದಲು ಮಡಕಿ ಕಾಳು, ಎರಡು ತತ್ತಿ. ಗೆರೆ ಆರೇ, ಆದರೆ ಮಧ್ಯಾಹ್ನದ ತನಕ ಹಸಿವಿಲ್ಲ.

ಅನುಮಾನ ಬಂದಾಗ ಮೇಲಿನ ಅಂಕಿಯನ್ನೇ ಹಿಡಿಯಿರಿ. ಮಗುವಿನ ತಟ್ಟೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡರೆ ಒಂದು ಗೆರೆ. ತಾಯಂದಿರೇ, ಇದನ್ನು ಮರೆಯಬೇಡಿ. ನನ್ನ ಲೆಕ್ಕದಲ್ಲಿ ಮೊದಲ ತಿಂಗಳು ಕಾಣದೆ ಹೋದದ್ದು ಇದೇ.

ಗಿರ್ಮಿಟ್, ಮಿರ್ಚಿ, ಸಾವಜಿ

ಸಂಜೆ ಗಿರ್ಮಿಟ್ ಗಾಡಿ ಕಂಡರೆ ಕಣ್ಣು ಮುಚ್ಚಿಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವ ಪಥ್ಯ ಈ ಊರಲ್ಲಿ ಒಂದು ತಿಂಗಳೂ ನಡೆಯುವುದಿಲ್ಲ. ಲೆಕ್ಕ ಗೊತ್ತಿದ್ದರೆ ಸಾಕು. ಗಿರ್ಮಿಟ್ಟಿನ ಚುರುಮುರಿ ಹಗುರ, ಆದರೆ ಅದಕ್ಕೆ ಕಲಸುವ ಮಸಾಲೆಯಲ್ಲಿ ಎಣ್ಣೆ ಇದೆ, ಬೆಲ್ಲ ಇದೆ, ಮೇಲೆ ಪುಟಾಣಿ ಹಿಟ್ಟು. ನಾನು ಮನೆಯಲ್ಲಿ ಮಾಡಿ ತೂಗಿ ನೋಡಿದ ಅಂದಾಜಿನಲ್ಲಿ ಪ್ಲೇಟಿಗೆ ಆರು ಗೆರೆ. ಒಂದು ಮಿರ್ಚಿಗೆ, ಅಂದರೆ ಮೆಣಸಿನಕಾಯಿ ಭಜಿಗೆ, ಮೂರು. ಗಿರ್ಮಿಟ್ ಜೊತೆ ಎರಡು ಮಿರ್ಚಿ, ಮೇಲೊಂದು ಚಹಾ ಅಂದರೆ ಹದಿಮೂರೂವರೆ. ಹೆಚ್ಚುಕಡಿಮೆ ಅರ್ಧ ದಿನದ್ದು. ನಾನು ಗಿರ್ಮಿಟ್ ಮತ್ತು ಒಂದೇ ಮಿರ್ಚಿ ತಿಂದು, ರಾತ್ರಿ ಬರೀ ಸಾರು ಕುಡಿದು ಮಲಗುತ್ತೇನೆ. ಗದಗಿಗೆ ತವರಿಗೆ ಹೋದಾಗ ಮಾತ್ರ ಮಿರ್ಚಿ ಎರಡಾಗುತ್ತದೆ.

ಧಾರವಾಡ ಪೇಡಾಗೆ ಒಂದು ಗ್ರಾಂಗೆ ಸುಮಾರು 4 ಕ್ಯಾಲೋರಿ ಹಿಡಿಯಿರಿ. ಒಂದು ಪೇಡಾ 25 ಗ್ರಾಂ ಇದ್ದರೆ ಎರಡು ಗೆರೆ. ಡಬ್ಬಿಯನ್ನು ಎದುರಿಗೆ ಇಟ್ಟುಕೊಂಡು ತಿನ್ನಬೇಡಿ, ಒಂದು ತೆಗೆದುಕೊಂಡು ಡಬ್ಬಿ ಒಳಗಿಡಿ.

ಖಾನಾವಳಿಯಲ್ಲಿ ರೊಟ್ಟಿಯ ಲೆಕ್ಕ ಮನೆಯದ್ದೇ ಇರಲಿ. ಪಲ್ಯಕ್ಕೆ ಮಾತ್ರ ಮನೆಯ ಗೆರೆಯ ಒಂದೂವರೆ ಪಟ್ಟು ಹಾಕಿ. ಸಾವಜಿ ಊಟದಲ್ಲಿ ರಸದ ಮೇಲೆ ಕೆಂಪಗೆ ತೇಲುವ ಎಣ್ಣೆಯನ್ನು ಚಮಚದಿಂದ ಒಂದು ಕಡೆ ಸರಿಸಿ, ಕೆಳಗಿನ ರಸ ಹಾಕಿಕೊಳ್ಳಿ. ಒಂದು ದೊಡ್ಡ ಚಮಚ ಎಣ್ಣೆ ಬಿಟ್ಟರೆ ಎರಡೂವರೆ ಗೆರೆ ಉಳಿಯಿತು. ಖಾರ ಎಷ್ಟಿದ್ದರೂ ಚಿಂತೆ ಇಲ್ಲ, ಬ್ಯಾಡಗಿ ಮೆಣಸಿನಕಾಯಿಯಿಂದ ಯಾರ ತೂಕವೂ ಏರಿಲ್ಲ. ಮಾರನೇ ದಿನ ತಕ್ಕಡಿ ಒಂದು ಕೆಜಿ ಜಾಸ್ತಿ ತೋರಿಸಿದರೂ ಗಾಬರಿ ಬೇಡ. ಉಪ್ಪು ಜಾಸ್ತಿಯಾದಾಗ ದೇಹ ನೀರು ಹಿಡಿದುಕೊಳ್ಳುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಒಂದು ದಿನ ಏರಿತು ಅಂತ ಪೆನ್ಸಿಲ್ ಬಿಸಾಡಬೇಡಿ. ವಾರದ ಲೆಕ್ಕ ನೋಡಿ. ದಿನಕ್ಕೆ 29 ಅಂದರೆ ವಾರಕ್ಕೆ 203. ಭಾನುವಾರ 38 ಆದರೆ ಉಳಿದ ಆರು ದಿನ ಒಂದೂವರೆ ಕಡಿಮೆ ಮಾಡಿದರೆ ಸರಿಹೋಯಿತು.

ನಡಿಗೆ

ಉಣಕಲ್ ಕೆರೆ, ನೃಪತುಂಗ ಬೆಟ್ಟ, ಧಾರವಾಡದ ಸಾಧನಕೇರಿ, ಎಲ್ಲಿಯಾದರೂ ನಡೆಯಿರಿ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಬಹಳ ಒಳ್ಳೆಯದು. ಆದರೆ 70 ಕೆಜಿ ಇರುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 120ರಿಂದ 150 ಕ್ಯಾಲೋರಿ. ನಡೆದು ಬಂದು ಒಂದು ಮಿರ್ಚಿ ತಿಂದರೆ ಅಲ್ಲಿಗೆ ಸಮ. ಅದಕ್ಕೆ ನಡಿಗೆಯ ಗೆರೆಯನ್ನು ಊಟದ ಗೆರೆಯಿಂದ ಕಳೆಯಬೇಡಿ. ಅದನ್ನು ಬೇರೆಯೇ ಇಡಿ.

ತೂಕ ನಿಂತಾಗ

ವಾರಕ್ಕೆ ಮೂರು ದಿನ, ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕೂ ಮೊದಲು, ಮೈತೂಕ ನೋಡುವ ತಕ್ಕಡಿಯ ಮೇಲೆ ನಿಲ್ಲಿ, ಪ್ರತಿ ಸಲ ಅದೇ ತಕ್ಕಡಿ ಇರಲಿ. ಮೂರರ ಸರಾಸರಿ ಬರೆಯಿರಿ. ಹೆಂಗಸರಿಗೆ ಮುಟ್ಟಿನ ಆಸುಪಾಸಿನಲ್ಲಿ ತೂಕ ಏರುವುದು ಸಹಜ. ಹಾಗಾಗಿ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿ.

ಮೂರು ವಾರವಾದರೂ ಇಳಿಯದಿದ್ದರೆ ಊಟ ಕಡಿಮೆ ಮಾಡುವ ಮೊದಲು ಕೈಯನ್ನು ಪರೀಕ್ಷಿಸಿ. ಅಂದರೆ ಪಟ್ಟಿಯ ಐದಾರು ಸಾಮಾನನ್ನು ಮತ್ತೆ ತೂಗಿ. ನನಗೆ ಮೂರನೇ ತಿಂಗಳು ಹೀಗೇ ಆಯಿತು. ನೋಡಿದರೆ, ಹಳೆಯ ವಾಟಿ ಒಂದು ಮದುವೆ ಮನೆಗೆ ಹೋಗಿ ವಾಪಸ್ ಬಂದಿರಲಿಲ್ಲ. ಹೊಸ ವಾಟಿ 190 ಗ್ರಾಂ ಅನ್ನ ಹಿಡಿಯುತ್ತಿತ್ತು. ನಾನು ನಾಲ್ಕೇ ಗೆರೆ ಎಳೆಯುತ್ತಿದ್ದೆ.

ಅಳತೆ ಎಲ್ಲ ಸರಿ ಇದ್ದರೆ ಮೇಲಿನ ಸೂತ್ರಕ್ಕೆ ಈಗಿನ ತೂಕ ಹಾಕಿ ಮತ್ತೆ ಲೆಕ್ಕ ಮಾಡಿ. ಹಗುರಾದ ದೇಹಕ್ಕೆ ಕಡಿಮೆ ಸಾಕು. ಪ್ರತಿ ಐದು ಕೆಜಿ ಇಳಿದಾಗ ಹೀಗೆ ಮಾಡಬೇಕು. ನನ್ನದು 65.5ಕ್ಕೆ 27 ಗೆರೆ ಬಂದಿದೆ. ಲೆಕ್ಕವೂ ಸರಿ, ಅಳತೆಯೂ ಸರಿ, ಆದರೂ ಇಳಿಯುತ್ತಿಲ್ಲ, ಜೊತೆಗೆ ಸುಸ್ತು, ಕೂದಲು ಉದುರುವುದು ಇದೆ ಅಂದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಬ್ಬದ ತಿನಿಸಿಗೂ ಪಟ್ಟಿಯಲ್ಲಿ ಜಾಗ ಇರಲಿ. ಶೇಂಗಾ ಹೋಳಿಗೆ ದೊಡ್ಡದಾದರೆ ಒಂದಕ್ಕೆ ಎಂಟು ಗೆರೆ, ಮೇಲೆ ಒಂದು ಚಮಚ ತುಪ್ಪ ಹಾಕಿದರೆ ಒಂಬತ್ತು. ಪಂಚಮಿಗೆ ಉಂಡಿ ಕಟ್ಟುವಾಗ ಅತ್ತೆ ತಾವೇ ತಕ್ಕಡಿ ತರಿಸಿಕೊಂಡರು. ಶೇಂಗಾ ಉಂಡಿ 30 ಗ್ರಾಂಗೆ ಒಂದು ಬಂತು. ಮೂರು ಗೆರೆ. ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ "ಒಂದಕ್ಕೆ 3" ಅಂತ ಬರೆದಿಟ್ಟಿದ್ದೇನೆ.